ಹಳೆಯ ಫ್ರೇಮಿಗೆ ಹೊಸ ಲೆನ್ಸು

ಕೊರೊನಾ ಮಾಸ್ಕುಗಳು ಜನರ ಮುಖದಿಂದ ಕಳಚಿದ ವರ್ಷ ಅದು. ನಾನಾಗ ಚೆನ್ನೈನ ಅಡ್ಯಾರ್‌ನಲ್ಲಿ ಒಂದು ಕನ್ನಡಕದ ಅಂಗಡಿಯ ಹಿರಿಯ ಆಪ್ಟಿಶಿಯನ್. ಲೆನ್ಸನ್ನು ಫ್ರೇಮಿಗೆ ಕೂರಿಸುವುದು, ಫ್ರೇಮನ್ನು ಮುಖಕ್ಕೆ ಹೊಂದಿಸುವುದು ನನ್ನ ಕೆಲಸ. ಮುಖ ನೋಡಿ ಫ್ರೇಮ್ ಆರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು. ಆ ಜಂಬಕ್ಕೆ ಪೆಟ್ಟು ಕೊಟ್ಟವರು ಬಸವರಾಜ್.

ಬಸವರಾಜ್ ಗದಗ ಕಡೆಯವರು. ಮಣಲಿಯ ಕಾರ್ಖಾನೆಗಳಿಗೆ ಸಮವಸ್ತ್ರದ ಬಟ್ಟೆ ಒದಗಿಸುವ ವ್ಯಾಪಾರ, ದಿನವಿಡೀ ಬಿಸಿಲಲ್ಲಿ ಸ್ಕೂಟರ್ ಓಡಾಟ. ಮೊದಲ ಹೆಂಡತಿ ಶಾಂತಾ ತೀರಿಕೊಂಡ ಕೆಲವು ವರ್ಷಗಳ ನಂತರ ಗಿರಿಜಾ ಅವರನ್ನು ಮದುವೆಯಾಗಿದ್ದರು. ಗಂಡನ ಹುಟ್ಟುಹಬ್ಬಕ್ಕೆಂದು ಗಿರಿಜಾ ನಮ್ಮಲ್ಲೇ ಒಂದು ಕೂಲಿಂಗ್ ಗ್ಲಾಸ್ ಕೊಂಡಿದ್ದರು. ಫೋನಿನಲ್ಲಿ ಅವರ ಫೋಟೊ ಮುಂದಿಟ್ಟುಕೊಂಡು, ಅರ್ಧ ಅಂಗಡಿಯನ್ನು ಕೆಳಗಿಳಿಸಿ ನಾವಿಬ್ಬರೂ ಸೇರಿ ಆರಿಸಿದ್ದು.

ಕೆಲವೇ ವಾರಗಳಲ್ಲಿ ಬಸವರಾಜ್ ಬಂದರು. ಕೈಯಲ್ಲಿದ್ದದ್ದು ನಾವು ಆರಿಸಿದ್ದಲ್ಲ. ಎಗ್ಮೋರ್‌ನ ಯಾವುದೋ ಅಂಗಡಿಯಲ್ಲಿ ಕೊಂಡ ದಪ್ಪನೆಯ ಕಂದು ಫ್ರೇಮಿನ ಹಳೆಯ ಕೂಲಿಂಗ್ ಗ್ಲಾಸ್. ಲೆನ್ಸುಗಳ ಕೋಟಿಂಗ್ ಸುಲಿದಿತ್ತು, ಗೀರು ಬಿದ್ದು ಮಸುಕಾಗಿದ್ದವು.

"ಗ್ಲಾಸ್ ಅಷ್ಟ ಬದಲಿಸ್ರಿ. ಫ್ರೇಮ್ ಇದ ಇರ್ಲಿ."

"ಹೊಸದಿದೆಯಲ್ಲ ಸರ್?"

"ಐತ್ರಿ, ಚಲೋನೂ ಐತಿ. ಆದ್ರ ನನಗ ಇದು ರೂಢಿ ಆಗೈತಿ," ಎಂದು ಅದನ್ನು ಹಾಕಿಕೊಂಡು ತೋರಿಸಿದರು. ಹೇಳಿ ಮಾಡಿಸಿದ ಹಾಗೆ ಕೂತಿತ್ತು. ನನ್ನ ಹೊಟ್ಟೆ ಉರಿಯಿತು.

ಹಳೆಯ ಫ್ರೇಮ್ ತಂದವರಿಗೆ ನಾವು ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಅಸಿಟೇಟ್ ಎಂಬ ಈ ಬಗೆಯ ಪ್ಲಾಸ್ಟಿಕ್ ಬಿಸಿಲು, ಬೆವರಿಗೆ ಒಣಗಿ ಬಿರುಸಾಗಿರುತ್ತದೆ. ಲೆನ್ಸ್ ಕೂರಿಸಬೇಕಾದರೆ ಬಿಸಿಗಾಳಿ ಹಾಯಿಸಿ ಮೆತ್ತಗೆ ಮಾಡಬೇಕು. ಆಗ ಮೂಗಿನ ಮೇಲಿನ ಭಾಗ ಸೀಳಿಬಿಡಬಹುದು. ಮುರಿದರೆ ನಾವು ಹೊಣೆಯಲ್ಲ. ಬಸವರಾಜ್ ಎಲ್ಲ ಕೇಳಿಕೊಂಡು, "ಮುರೀಬಾರದ್ರಿ," ಎಂದಷ್ಟೇ ಹೇಳಿ ಹೋದರು.

ಅದೇ ಸಂಜೆ ಗಿರಿಜಾ ಒಬ್ಬರೇ ಬಂದರು.

"ಅವ್ರು ಕೊಟ್ಟು ಹೋಗ್ಯಾರಲ್ಲ, ಅದು ಶಾಂತಕ್ಕ ಕೊಡಿಸಿದ್ದು ಅಣ್ಣಾರ. ನಾ ತಂದಿದ್ದು ಡಬ್ಬ್ಯಾಗ ಬಿದ್ದೈತಿ. ಆಕಿ ಫೋಟೋಕ್ಕ ದಿನಾ ನಾನ ಹೂವು ಹಾಕ್ತೀನಿ, ಅದಕ್ಕ ನನಗೇನೂ ಅನ್ಸಂಗಿಲ್ಲ. ಆದ್ರ ಮುಂಜಾನೆ ಎದ್ದು ಆಕಿನ್ನ ಮಾರಿ ಮ್ಯಾಲ ಇಟ್ಕೊಂಡ ಹೊಂಡ್ತಾರ." ಆಮೇಲೆ ದನಿ ತಗ್ಗಿಸಿದರು. "ಬಿಸಿ ಮಾಡುವಾಗ ಮುರಿದ್ರ ಯಾರೂ ಕೇಳಂಗಿಲ್ಲ ಅಂದ್ರಂತಲ್ಲ. ಕೊಂಜಂ, ಒಂಚೂರು, ಜಾಸ್ತಿ ಬಿಸಿ ಮಾಡ್ರಿ."

ಆಗಲಿ ಎನ್ನಲೂ ಇಲ್ಲ, ಆಗಲ್ಲ ಎನ್ನಲೂ ಇಲ್ಲ. "ನಾಳೆ ಸಂಜೆ ಬನ್ನಿ ಅಮ್ಮ," ಎಂದೆ.

ಮರುದಿನ ಫ್ರೇಮನ್ನು ಟ್ರೇಸರ್‌ಗೆ ಇಟ್ಟೆ. ಅದು ಫ್ರೇಮಿನ ಒಳಗೆ ಲೆನ್ಸ್ ಕೂರುವ ಕಚ್ಚಿನ ಆಕಾರ ಅಳೆದುಕೊಡುವ ಯಂತ್ರ. ಆ ಅಳತೆಗೆ ಹೊಸ ಕಂದು ಲೆನ್ಸುಗಳನ್ನು ಕತ್ತರಿಸಿಕೊಂಡು ಫ್ರೇಮನ್ನು ಬಿಸಿಗಾಳಿಗೆ ಹಿಡಿದೆ. ತುಸು ಹೊತ್ತು ಹೆಚ್ಚು ಹಿಡಿದರೆ ಸಾಕು, ಕೆಲಸ ಮುಗಿಯುತ್ತಿತ್ತು. ಗಿರಿಜಾಗೆ ಶಾಂತಾ ಮೇಲೆ ಹೊಟ್ಟೆಕಿಚ್ಚು, ನನಗೆ ಎಗ್ಮೋರ್‌ನ ಆ ಕಾಣದ ಆಪ್ಟಿಶಿಯನ್ ಮೇಲೆ. ಇಬ್ಬರ ಕಿಚ್ಚಿಗೂ ಗುರಿ ಒಂದೇ ವಸ್ತು, ಅದು ನನ್ನ ಕೈಯಲ್ಲೇ ಇತ್ತು. ಆದರೆ ಕೈ ಮಾತ್ರ ತನಗೆ ರೂಢಿಯಾದದ್ದನ್ನೇ ಮಾಡಿತು. ಬಿಸಿ ಮಾಡುವುದು, ಹೆಬ್ಬೆರಳಿನಿಂದ ಒತ್ತಿ ನೋಡುವುದು, ಮತ್ತೆ ಬಿಸಿ ಮಾಡುವುದು. ಲೆನ್ಸುಗಳು ಸಲೀಸಾಗಿ ಕೂತವು, ಫ್ರೇಮು ಎಲ್ಲೂ ಸೀಳಲಿಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ.

ಸಂಜೆ ಗಿರಿಜಾ ಬಾಗಿಲಿನಿಂದಲೇ ಕೇಳಿದರು. "ಮುರೀತೇನ್ರಿ?"

"ಇಲ್ಲಮ್ಮ."

ಅವರು ಸ್ಟೂಲಿನ ಮೇಲೆ ಕುಸಿದು ಕೂತರು. "ಮುರೀಬಾರದಂತ ಬೆಳಗಿನಿಂದ ದೇವರಿಗೆ ಬೇಡ್ಕೊಳ್ಳಾಕತ್ತೀನಿ."

"ನೀವೇ ಅಲ್ವೇನಮ್ಮ ಹೇಳಿದ್ದು?"

"ಹೇಳಿದ್ದು ನಾನ. ಮನೀಗೆ ಹೋಗಿ ಕುಂತ ಮ್ಯಾಲ ತಿಳೀತು. ಇದು ಮುರಿದ್ರ ಅವ್ರು ಅಳ್ತಾರ. ಆಕಿ ಸಲುವಾಗಿ ಅವ್ರು ಅಳೂದು ನಾ ಇನ್ನೂ ನೋಡಿಲ್ಲ ಅಣ್ಣಾರ. ನೋಡಿದ್ರ ನನಗ ತಡಕೊಳ್ಳಾಕ ಆಗಂಗಿಲ್ಲ."

ಕನ್ನಡಕವನ್ನು ಎತ್ತಿ ತಾವೇ ಹಾಕಿಕೊಂಡು, ಕನ್ನಡಿಯಲ್ಲಿ ಅತ್ತಿತ್ತ ತಿರುಗಿ ನೋಡಿಕೊಂಡರು. "ಆರಿಸೂದ್ರಾಗ ಶ್ಯಾಣ್ಯಾಕಿ ಇದ್ಲು ಬಿಡ್ರಿ," ಎಂದರು. ಅದರಲ್ಲಿ ಮೆಚ್ಚುಗೆ ಎಷ್ಟು, ಉರಿ ಎಷ್ಟು ಎಂದು ನಾನು ಕೇಳಲಿಲ್ಲ. ನನ್ನೊಳಗೂ ಆ ಎರಡೂ ಇದ್ದವು.

ಮುಖದ ಅಳತೆ ತೆಗೆಯುವುದನ್ನು ನನಗೆ ಹೇಳಿಕೊಟ್ಟ ಗುರುಗಳಿದ್ದರು. ಹಳೆಯ ಫ್ರೇಮ್ ಹಿಡಿದು ಬಂದವರಿಗೆ ಹೊಸದು ತೋರಿಸುವ ಮುಂಚೆ, ಅದನ್ನು ಕೊಡಿಸಿದವರು ಯಾರು ಎಂದು ಕೇಳುವುದನ್ನು ಕಲಿಸಿದವರು ಗಿರಿಜಾ. ಕೇಳಿದ ಮಾತ್ರಕ್ಕೆ ಹೊಟ್ಟೆಕಿಚ್ಚೇನೂ ತಣ್ಣಗಾಗುವುದಿಲ್ಲ. ಕೈ ಮಾತ್ರ ಹುಷಾರಾಗಿರುತ್ತದೆ.