ಪಟ್ಟಾಭಿಷೇಕಕ್ಕೇ ನಿಲ್ಲುತ್ತಿದ್ದ ಜೀವನಚರಿತ್ರೆಗಳು

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಮನೆಗೆ ಸೊಸೆಯಾಗಿ ಬಂದಾಗ ಮಾವನ ಕಣ್ಣಿಗೆ ಪೊರೆ ಬಂದಿತ್ತು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ದೊಡ್ಡವರ ಜೀವನಚರಿತ್ರೆ ಎಂದರೆ ಊಟ ಮರೆಯುತ್ತಿದ್ದರು. ಕಾನ್ವೆಂಟಿನಲ್ಲಿ ಓದಿದ ಸೊಸೆ ಅವರಿಗೆ ಕಣ್ಣಾಗಿ ಒದಗಿದಳು. ನನ್ನವರು ಬಾಡಿಗೆ ಲೈಬ್ರರಿಯಿಂದ ತಂದ ಇಂಗ್ಲಿಷ್ ಪುಸ್ತಕಗಳನ್ನು ಮಧ್ಯಾಹ್ನ ಓದುತ್ತಿದ್ದೆ. ಒಂದೊಂದು ಪುಟ ಮುಗಿದ ಮೇಲೆ, ಮೊರದಲ್ಲಿ ಅಕ್ಕಿ ಆರಿಸುತ್ತ ಕೂತ ಅತ್ತೆಗೆ ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದೆ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ.

ಅತ್ತೆಯದು ಒಂದೇ ಕಟ್ಟುಪಾಡು. ಮನೆಯಲ್ಲಿ ರಾಮಾಯಣ ಓದಿದರೆ ಪಟ್ಟಾಭಿಷೇಕಕ್ಕೆ ನಿಲ್ಲಿಸಿ ಮಂಗಳಾರತಿ ಎತ್ತುತ್ತಾರಲ್ಲ, ಇದಕ್ಕೂ ಹಾಗೆಯೇ.

"ಬಹುಮಾನ ಬಂತು ತಾನೆ? ಸಾಕು, ಮುಚ್ಚು. ಸಾಯೋದನ್ನೆಲ್ಲ ಮನೇಲಿ ಓದಬಾರದು."

"ನಿಮ್ಮತ್ತೆ ಯಾರನ್ನೂ ಸಾಯಕ್ಕೆ ಬಿಡಲ್ಲ ಕಣಮ್ಮ," ಎಂದು ಮಾವ ನಗುತ್ತಿದ್ದರು.

ಆ ನಗುವೇ ಮೊದಲು ಒಡೆದದ್ದು. ದನಿ ಕರಕರ ಎನ್ನತೊಡಗಿತು. ಅನ್ನ ಇಳಿಯದೆ ರಾಗಿ ಗಂಜಿಗೆ ಬಂದರು. ಅದನ್ನೂ ಕಣ್ಣು ಮುಚ್ಚಿ ನುಂಗುವರು. ನುಂಗುವಾಗ ಕಾಲಿನ ಹೆಬ್ಬೆರಳು ಮಡಿಸಿಕೊಳ್ಳುವುದು ನನಗೆ ಕಾಣುತ್ತಿತ್ತು. ಗಂಟಲಲ್ಲಿ ಕ್ಯಾನ್ಸರ್, ಕೈಮೀರಿದೆ ಎಂದು ಡಾಕ್ಟರು ನನ್ನವರಿಗೆ ಹೇಳಿದ್ದರು. ಮಾವನಿಗೆ ಮಾತ್ರ ಬರೀ ಹುಣ್ಣು ಎಂದು ಹೇಳಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು.

ಆಗ ನಾವು ಓದುತ್ತಿದ್ದುದು ಯಾವುದೋ ದೇಶದ ಒಬ್ಬ ವೈದ್ಯನ ಕಥೆ. ಪದಕ ಬಂದ ಅಧ್ಯಾಯಕ್ಕೆ ಅತ್ತೆ ನಿಲ್ಲಿಸಿದ್ದರು. ಮಾರನೆಯ ದಿನ ಅವರು ಗುಡಿಗೆ ಹೋದಾಗ ಮಾವ ಕರೆದರು.

"ಉಳಿದದ್ದು ಓದು."

"ಅತ್ತೆ ಬೈತಾರೆ ಮಾವ."

"ಬೈಲಿ. ಅವನಿಗೂ ಗಂಟಲೇ ಅಂತ ಮುನ್ನುಡೀಲಿ ಇತ್ತಲ್ಲ. ಓದಮ್ಮ."

ಓದಿದೆ. ಮೊದಲು ಆ ವೈದ್ಯನ ದನಿ ಒರಟಾಯಿತು, ಆಮೇಲೆ ಪಿಸುಮಾತು, ಕೆಲವೇ ವಾರಗಳಲ್ಲಿ ಅದೂ ಇಲ್ಲ. ಮಾವ ಟವೆಲನ್ನು ಕತ್ತಿಗೆ ಬಿಗಿಯಾಗಿ ಸುತ್ತಿಕೊಂಡರು.

"ನನಗೂ ಇದೇನಾ?"

ಬರೀ ಹುಣ್ಣು ಎನ್ನಬೇಕಿತ್ತು. ಹೌದೆಂದು ತಲೆಯಾಡಿಸಿದೆ. ಪೊರೆಗಣ್ಣಿಗೆ ಕಂಡಿತೋ ಇಲ್ಲವೋ ಎಂದು, "ಹೌದು ಮಾವ," ಎಂದೂ ಹೇಳಿದೆ.

"ಸರಿ ಬಿಡು. ಹೇಳೋದು ಇದ್ರೆ ಈಗಲೇ ಹೇಳಿಬಿಡಬೇಕು."

ಸಂಜೆ ಅತ್ತೆಯನ್ನು ಮಂಚದ ಪಕ್ಕ ಕೂರಿಸಿಕೊಂಡರು. ನಾನು ಅಡಿಗೆಮನೆಗೆ ಹೋದೆ, ಆದರೂ ಕೇಳಿಸಿತು.

"ನೋಡು, ನಾನಿನ್ನು ಜಾಸ್ತಿ ದಿನ ಇರಲ್ಲ. ನಿನ್ನ ಹತ್ರ ಒಂದು ಮಾತು..."

"ಬಿಡ್ತು ಅನ್ನಿ! ದೀಪ ಹಚ್ಚೋ ಹೊತ್ತಲ್ಲಿ ಇದೇನು ಮಾತು? ಹುಣ್ಣು, ವಾಸಿಯಾಗುತ್ತೆ."

"ಕೇಳೇ ಇಲ್ಲಿ..."

"ನಾನು ಕೇಳಲ್ಲ."

ಎದ್ದು ಬಂದುಬಿಟ್ಟರು. ಒಲೆಯ ಮುಂದೆ ನಿಂತು ಸಾರಿಗೆ ಎರಡು ಸಲ ಉಪ್ಪು ಹಾಕಿದರು. ಮಾವ ಮತ್ತೂ ಎರಡು ದಿನ ಕರೆದರು. ಅತ್ತೆಗೆ ಒಮ್ಮೆ ಬಟ್ಟೆ ಒಗೆಯುವುದಿತ್ತು, ಒಮ್ಮೆ ನಲ್ಲಿಯಲ್ಲಿ ನೀರು ಬಂದಿತ್ತು. ಆಮೇಲೆ ಮಾವ ಕರೆಯಲಿಲ್ಲ. ತಿಂಗಳು ತುಂಬುವುದರೊಳಗೆ ಪಿಸುಮಾತೂ ನಿಂತಿತು.

ನನ್ನವರು ಒಂದು ಸ್ಲೇಟು ತಂದುಕೊಟ್ಟರು. ಮಾವ ಅಂದಾಜಿನ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ನೀರು, ದಿಂಬು ಎಂದು ಬರೆಯುವರು. ನಾನು ಓದಿ ಅತ್ತೆಗೆ ಹೇಳುವೆ.

ಮಾವ ಗಂಜಿಯನ್ನೂ ಬಿಟ್ಟ ದಿನ ಅತ್ತೆ ತಾವಾಗಿಯೇ ಬಂದು ಮಂಚದ ಪಕ್ಕ ಕೂತರು.

"ಅವತ್ತು ಏನೋ ಹೇಳ್ತಿದ್ರಲ್ಲ. ಈಗ ಹೇಳಿ, ಕೇಳ್ತೀನಿ," ಎಂದು ಅವರ ಬಾಯಿಗೆ ಕಿವಿ ಇಟ್ಟರು. ಬರೀ ಉಸಿರು.

ಅತ್ತೆ ಸ್ಲೇಟನ್ನು ಅವರ ಎದೆಯ ಮೇಲಿಟ್ಟು ಬಳಪವನ್ನು ಕೈಗೆ ಕೊಟ್ಟರು. "ಬರೀರಿ. ಇವಳು ಓದ್ತಾಳೆ."

ಮಾವ ನನ್ನ ಕಡೆ ಮುಖ ತಿರುಗಿಸಿದರು. ನಂತರ ಬಳಪವನ್ನು ಹಾಸಿಗೆಯ ಮೇಲೆ ಬಿಟ್ಟು, ಅತ್ತೆಯ ಕೈಯನ್ನು ಒಮ್ಮೆ ತಟ್ಟಿ, ಕಣ್ಣು ಮುಚ್ಚಿಕೊಂಡರು.