ರಾಹುಕಾಲದಲ್ಲಿ ರಿನ್ಯೂ ಆದ ಇನ್ಶೂರೆನ್ಸ್

ಮಹಾಜನಗಳೇ, ಇಂದು ಬೆಳಗ್ಗೆ ದೇವನಹಳ್ಳಿ ಪಕ್ಕದ ವಿಜಯಪುರದ ನಮ್ಮ ಮನೆಯಂಗಳದಲ್ಲಿ ಘೋರ ಯುದ್ಧವೇ ನಡೆಯಿತು!

ಎಂಟು ಗಂಟೆಗೆ ಅಪ್ಪನ ಮೊಬೈಲಿಗೆ ಮೆಸೇಜು: ಕಾರಿನ ಇನ್ಶೂರೆನ್ಸ್ ತಾನಾಗಿಯೇ ರಿನ್ಯೂ ಆಗಿದೆ. ಆ ಏರ್ಪಾಟು ಮಾಡಿಟ್ಟವನು ನಾನೇ. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡಿ ಗುಡುಗಿದರು: "ಸೋಮವಾರ ಎಂಟು ಗಂಟೆ, ನಟ್ಟನಡು ರಾಹುಕಾಲ! ಯಾರ್ನ ಕೇಳಿ ಮಾಡಿದ್ರು? ಇವತ್ತು ಕಾರು ಆಚೆ ತೆಗೆಯಂಗಿಲ್ಲ!"

ಹತ್ತೂವರೆಗೆ ಅಮ್ಮನನ್ನು ದೇವನಹಳ್ಳಿಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಬೇಕಿತ್ತು. ಸೀರೆಯುಟ್ಟು ಸಿದ್ಧಳಾಗಿದ್ದ ಅಮ್ಮ ಬಾಗಿಲಿಗೆ ಬಂದಳು.

"ಹೋದ್ ವರ್ಷ ಆಷಾಢ ಕಳೀಲಿ ಅಂತ ರಿನ್ಯೂ ಮಾಡಿಸ್ದೆ ಕೂತ್ರಿ. ತಿಂಗಳಿಡೀ ಕಾರು ಶೆಡ್ಡಲ್ಲಿ, ನಾನು ಬಸ್ಸಲ್ಲಿ ನಿಂತ್ಕೊಂಡು. ಅವಾಗ ನನ್ ಮಂಡಿನೋವು ಯಾರ್ ಕೇಳಿದ್ರು?"

ಅಪ್ಪನ ಸಿಂಹಗರ್ಜನೆ ಅಲ್ಲಿಗೇ ಅಡಗಿತು. ಮೊಬೈಲನ್ನು ದೇವರ ಮುಂದಿಟ್ಟು, ಆ ಮೆಸೇಜಿನ ಮೇಲೆಯೇ ಕುಂಕುಮ ಹಚ್ಚಿ, ಕಾರಿನ ಚಕ್ರಗಳಿಗೆ ನಿಂಬೆಹಣ್ಣಿಟ್ಟರು. "ಹತ್ತು ಕಣೇ, ಮುಂದಿನ್ ಸೀಟಲ್ಲೇ ಕೂತ್ಕೊ."

ಕಾರು ಓಡಿಸುತ್ತಿದ್ದವನು ನಾನು. ದಾರಿಯಲ್ಲಿ ಅಪ್ಪನ ಮೊಬೈಲಿಗೆ ಇನ್ಶೂರೆನ್ಸ್ ಕಂಪನಿಯಿಂದ ಫೋನು, ಸೇವೆ ಹೇಗಿತ್ತು ಎಂದು. ಹಿಂದಿನ ಸೀಟಿನಿಂದ ಅಪ್ಪ ಗಂಭೀರವಾಗಿ ಹೇಳಿದರು: "ಎಲ್ಲಾ ಚೆನ್ನಾಗೈತಮ್ಮ. ಮುಂದಿನ್ ಸಲ ರಾಹುಕಾಲ ಕಳೀಲಿ, ಆಮೇಲ್ ಮಾಡಿ."

ಅಪ್ಪ ಕಿವಿಯಿಂದ ಫೋನು ತೆಗೆದ ಮೇಲೆ ಕನ್ನಡಿಯಲ್ಲಿ ನೋಡಿದೆ. ಮೊಬೈಲಿನ ಕುಂಕುಮ ಮೆತ್ತಿ, ಪೂಜೆ ಅಪ್ಪನ ಕೆನ್ನೆಗೂ ಆಗಿತ್ತು.