ಗೋಡೆಯ ಮೇಲಿನ ಕೆಂಪು ಚುಕ್ಕೆ

ಕೊರೊನಾದ ಮೊದಲ ಅಲೆ ಇಳಿದು ನಿಗಡಿಯ ನಮ್ಮ ಜಿಮ್ ಮತ್ತೆ ಬಾಗಿಲು ತೆರೆದಾಗ, ಅಲ್ಲಿಗೆ ಬರುವವರನ್ನೆಲ್ಲ ಕಾಪಾಡುವ ಹೊಣೆಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ಹಿಂಜವಾಡಿಯ ಸಾಫ್ಟ್‌ವೇರ್ ಆಫೀಸು ಮನೆಗೇ ಬಂದಿದ್ದರಿಂದ ಕೈಯಲ್ಲಿ ಸಮಯವಿತ್ತು. ಹೊಟ್ಟೆಯ ಜೊತೆಗೆ ಅಹಂಕಾರವೂ ಬೆಳೆದಿತ್ತು.

ಕೈ ತಾಗಿಸದೆ ತೆರೆಯುವ ಬಾಗಿಲು, ಒಮ್ಮೆಗೆ ಆರೇ ಜನರನ್ನು ಒಳಬಿಡುವ ಆ್ಯಪ್, ಇವೆರಡಕ್ಕಿಂತ ನನಗೆ ಹೆಮ್ಮೆ ತಂದದ್ದು ಛಾವಣಿಗೆ ನಾನು ಹಾಕಿದ ಕ್ಯಾಮೆರಾ. ಜನ ಎಲ್ಲಿ ಮುಟ್ಟಿದರೋ ಅಲ್ಲೆಲ್ಲ, ಒರೆಸುವವರಿಗೆಂದು ಜಿಮ್ಮಿನಲ್ಲಿಟ್ಟ ಫೋನಿನ ನಕ್ಷೆಯಲ್ಲಿ ಕೆಂಪು ಚುಕ್ಕೆ ಮೂಡುತ್ತಿತ್ತು. ಒರೆಸುವ ಕೆಲಸ ಕಲಬುರಗಿ ಕಡೆಯ ಒಬ್ಬ ಹೆಂಗಸಿನದು. ಕಟ್ಟಡದ ಕೆಲಸದಲ್ಲಿ ಧೂಳು ಕುಡಿದೂ ಕುಡಿದೂ ಆಕೆಯ ಗಂಡನ ಶ್ವಾಸಕೋಶ ಹಾಳಾಗಿತ್ತು. ಇಲ್ಲಿಂದ ರೋಗ ಹೊತ್ತುಕೊಂಡು ಹೋದರೆ ಅವನು ಉಳಿಯುವುದಿಲ್ಲ ಎಂಬ ಹೆದರಿಕೆಗೆ ಆಕೆ ಕಿಟಕಿಯ ಸರಳುಗಳನ್ನೂ ಬಿಡದೆ ತಿಕ್ಕುತ್ತಿದ್ದಳು.

“ಅಷ್ಟ್ಯಾಕ ಒದ್ದಾಡ್ತೀರಿ? ಫೋನಿನ್ಯಾಗ ಕೆಂಪು ಇದ್ದಲ್ಲಿ ಅಷ್ಟ ಒರಸ್ರಿ, ಸಾಕು,” ಎಂದೆ, ದೊಡ್ಡ ಡಾಕ್ಟರರ ಗತ್ತಿನಲ್ಲಿ.

ಮೊದಲ ದಿನವೇ ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಚುಕ್ಕೆ ಕಾಣಿಸಿತು. ನನ್ನ ನಕ್ಷೆಯ ಪ್ರಕಾರ ಅಲ್ಲಿ ಯಾವ ಯಂತ್ರವೂ ಇರಲಿಲ್ಲ. ಎರಡು ದಿನ ಮನೆಯಲ್ಲಿ ಕೂತು ಕೋಡಿನಲ್ಲಿ ತಪ್ಪು ಹುಡುಕಿದೆ. ಹೋಗಿ ಗೋಡೆ ನೋಡುವ ಬುದ್ಧಿ ಮಾತ್ರ ಬರಲಿಲ್ಲ. ಕೊನೆಗೆ ಗೋಡೆಯ ಚುಕ್ಕೆಗಳನ್ನು ತೋರಿಸಲೇಬೇಡ ಎಂದು ಆ್ಯಪ್‌ಗೆ ಆಜ್ಞೆ ಕೊಟ್ಟು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹದಿನೈದು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಒಳಗೆ ಕಾಲಿಟ್ಟಾಗ ಆಕೆ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಅದು ಬಾಗಿಲ ಪಕ್ಕದ ಗೋಡೆಯ ಮಾರುತಿ ಪಟದ ಪಾದದ ಮೇಲಿತ್ತು, ಇನ್ನೇನು ಅದನ್ನು ಕಣ್ಣಿಗೆ ಒತ್ತಿಕೊಳ್ಳುವುದರಲ್ಲಿದ್ದೆ. ನಮ್ಮ ಜಿಮ್ಮಿನಲ್ಲಿ ಮಾರುತಿಯ ಪಾದ ಮುಟ್ಟದೆ ಯಾರೂ ಡಂಬೆಲ್ ಎತ್ತುವುದಿಲ್ಲ. ಬಂದವರೆಲ್ಲ ಅದೇ ಪಾದ ಮುಟ್ಟಿ, ಅದೇ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಕ್ಯಾಮೆರಾ ಸರಿಯಾಗಿಯೇ ಹೇಳಿತ್ತು.

“ಇದನ್ನ ಒರಸ್ತೀರಿಲ್ರಿ?” ಎಂದೆ.

“ಮದಲ ಒರಸ್ತಿದ್ದೆರಿ. ನಿಮ್ಮ ಫೋನಿನ್ಯಾಗ ಕೆಂಪು ಬರೂದು ನಿಂತಿತು, ನಾನೂ ಬಿಟ್ಟೆ. ನೀವು ಕಲತವ್ರು. ನಾನೂ ದಿನಾ ಮುಟ್ಟೇ ಮನಿಗಿ ಹೋಗ್ತೀನ್ರಿ, ಗಂಡಗ ಆರಾಮ ಇಡಪ್ಪಾ ಅಂತ.”

ನಾಚಿಕೆಗಿಂತ ಭಯವೇ ಹೆಚ್ಚಾಯಿತು. ಅಲ್ಲೇ ನಿಂತು ಗೋಡೆಯನ್ನು ನಕ್ಷೆಗೆ ಸೇರಿಸಿದೆ. ಮುಂದಿನ ಹತ್ತು ದಿನ ಅವಳ ಗಂಡನ ಕೆಮ್ಮು ಹೇಗಿದೆ ಎಂದು ಕೇಳದೆ ವ್ಯಾಯಾಮ ಶುರು ಮಾಡಲಿಲ್ಲ. ಅವನಿಗೆ ಏನೂ ಆಗಲಿಲ್ಲ. ಅದರಲ್ಲಿ ನನ್ನ ಆ್ಯಪ್‌ನ ಕೈವಾಡವೇನೂ ಇಲ್ಲ.

ಆಕೆ ಮಾತ್ರ ಫೋನ್ ನೋಡುವುದನ್ನೇ ಬಿಟ್ಟು, ಒದ್ದೆ ಬಟ್ಟೆ ಹಿಡಿದು ಮಾರುತಿಯ ಪಕ್ಕ ನಿಲ್ಲತೊಡಗಿದಳು. ಇವತ್ತಿಗೂ, ಕೈ ತಾಗಿಸದೆ ತೆರೆಯುವ ನನ್ನ ಬಾಗಿಲನ್ನು ದಾಟಿ ಪಟದತ್ತ ಕೈ ಚಾಚಿದರೆ ಅದೇ ಮಾತು:

“ಮದಲ ಕೈ ತೊಳ್ಕೊಂಡ್ ಬರ್ರಿ.”

ತೊಳೆದುಕೊಂಡು ಬರುತ್ತೇನೆ.